ಕಥೆಯ ಲೋಕಕ್ಕೊಂದು ಹೊಸ ಭಾಷೆ: ಪದ, ವ್ಯಾಕರಣ ಕಟ್ಟುವುದು ಹೇಗೆ?

ಕಲ್ಪನಾ ಲೋಕದ ಕಥೆ ಬರೆಯುವವರಿಗೆ ಒಂದು ಹಂತದಲ್ಲಿ ಅನ್ನಿಸುತ್ತದೆ: ಈ ಜನಕ್ಕೆ ಇವರದೇ ಒಂದು ಭಾಷೆ ಇರಬೇಕು. ಆಗ ಹೆಚ್ಚಿನವರು ಮಾಡುವುದು ಇಷ್ಟು. ‘ನಾನು ಮನೆಗೆ ಹೋಗುತ್ತೇನೆ’ ಅನ್ನುವ ವಾಕ್ಯ ತೆಗೆದುಕೊಳ್ಳುತ್ತಾರೆ. ನಾನು ಅನ್ನುವುದಕ್ಕೆ ‘ಝಾರು’, ಮನೆಗೆ ‘ಕ್ರೋಮ’, ಹೋಗು ಅನ್ನುವುದಕ್ಕೆ ‘ವ್ರಿ’ ಅಂತ ಇಡುತ್ತಾರೆ. ‘ಝಾರು ಕ್ರೋಮಕ್ಕೆ ವ್ರಿಯುತ್ತೇನೆ.’ ಭಾಷೆ ರೆಡಿ!

ಇದು ಹೊಸ ಭಾಷೆ ಅಲ್ಲ, ಮುಖವಾಡ ಹಾಕಿಕೊಂಡ ಕನ್ನಡ. ಪದಗಳ ಕ್ರಮ ನಮ್ಮದೇ, ವಿಭಕ್ತಿ ನಮ್ಮದೇ, ಕಾಲ ಹೇಳುವ ರೀತಿಯೂ ನಮ್ಮದೇ. ಓದುಗರಿಗೆ ವ್ಯಾಕರಣ ಗೊತ್ತಿಲ್ಲದಿರಬಹುದು, ಆದರೆ ಅವರ ಕಿವಿ ಇದನ್ನು ಕೂಡಲೇ ಹಿಡಿಯುತ್ತದೆ.

ಈ ಮುಖವಾಡ ಕಳಚುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಜೊತೆಗೇ ಒಂದು ಪುಟ್ಟ ಭಾಷೆಯನ್ನು ಕಟ್ಟುತ್ತಾ ಹೋಗೋಣ. ಇದಕ್ಕೆ ಭಾಷಾವಿಜ್ಞಾನದ ಡಿಗ್ರಿ ಬೇಡ. ಮೈಸೂರು, ಮಂಡ್ಯ ಕಡೆಯ ಮಾತನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಇದ್ದರೆ ಬೇಕಾದ ಅರ್ಧ ಸಾಮಾನು ನಿಮ್ಮ ಹತ್ತಿರ ಇದೆ.

ಮೊದಲು ಜನ, ಆಮೇಲೆ ಪದ

ನಿಘಂಟಿನಿಂದ ಶುರು ಮಾಡಬೇಡಿ. ಈ ಜನ ಎಲ್ಲಿದ್ದಾರೆ, ಏನು ತಿನ್ನುತ್ತಾರೆ, ಯಾವುದಕ್ಕೆ ಜಗಳ ಆಡುತ್ತಾರೆ? ಒಂದು ಪುಟದಲ್ಲಿ ಬರೆದುಕೊಳ್ಳಿ.

ಮಂಡ್ಯದ ಕಡೆ ನೋಡಿ. ನೀರಿನ ಸುತ್ತ ಎಷ್ಟು ಪದಗಳಿವೆ: ನಾಲೆ, ಕಾಲುವೆ, ತೂಬು, ಕೆರೆ, ಕಟ್ಟೆ, ಏರಿ, ಕೋಡಿ, ಮಡು, ಹಳ್ಳ. ಗದ್ದೆಗಳಿಗೆ ನೀರು ಹಂಚುವವನಿಗೇ ನೀರುಗಂಟಿ ಅನ್ನುವ ಹೆಸರಿದೆ. ಇನ್ನು ಒಂದೇ ಬೆಳೆ ಗದ್ದೆಯಲ್ಲಿ ಭತ್ತ, ಮೂಟೆಯಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನ. ಮುರಿದರೆ ನುಚ್ಚು, ಮೇಲಿನ ಸಿಪ್ಪೆ ಹೊಟ್ಟು, ಒಳಗಿನ ಪುಡಿ ತೌಡು. ಆ ಬೆಳೆಯ ಜೊತೆ ದಿನವೂ ಬದುಕುವವರಿಗೆ ಇಷ್ಟೂ ಬೇಕು. ಹಿಮದ ಬಗ್ಗೆ ಅಷ್ಟು ಪದ ನಮಗೆ ಬೇಕಾಗಲಿಲ್ಲ.

ನಮ್ಮ ಉದಾಹರಣೆಗೆ ಒಂದು ದೊಡ್ಡ ಹೊಳೆ ಇಟ್ಟುಕೊಳ್ಳೋಣ. ಅದರಲ್ಲಿ ಸಾಲು ಸಾಲು ದ್ವೀಪಗಳು. ಕಾವೇರಿ ಎರಡಾಗಿ ಸೀಳಿ ಶ್ರೀರಂಗಪಟ್ಟಣವನ್ನು ಸುತ್ತಿ ಮತ್ತೆ ಒಂದಾಗುತ್ತದಲ್ಲ, ಅಂಥ ದ್ವೀಪಗಳು. ಜನ ಮೀನು ಹಿಡಿಯುತ್ತಾರೆ, ದೋಣಿಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ಮದುವೆಯಾಗುವ ಗಂಡು ಮೇಲಿನ ದ್ವೀಪದಿಂದ ಇಳಿದು ಬಂದು ಹೆಂಡತಿಯ ಮನೆಯಲ್ಲಿ ಇರುತ್ತಾನೆ. ದ್ವೀಪ ದ್ವೀಪಗಳ ನಡುವೆ ಮೀನಿನ ಮಡುಗಳಿಗಾಗಿ ವ್ಯಾಜ್ಯ ನಡೆಯುತ್ತಲೇ ಇರುತ್ತದೆ. ಈ ನಾಲ್ಕು ಸಂಗತಿಗಳಿಂದಲೇ ಭಾಷೆ ಹುಟ್ಟಬೇಕು.

ಶಬ್ದಗಳನ್ನು ಆರಿಸಿ, ಹೆಚ್ಚಿನವನ್ನು ಬಿಡಿ

ಒಂದು ಭಾಷೆಯಲ್ಲಿ ಯಾವ ಶಬ್ದ ಇದೆ ಅನ್ನುವುದಕ್ಕಿಂತ ಯಾವುದು ಇಲ್ಲ ಅನ್ನುವುದೇ ಅದಕ್ಕೆ ಹೆಚ್ಚು ಬಣ್ಣ ಕೊಡುತ್ತದೆ. ನಮ್ಮ ದ್ವೀಪದವರಿಗೆ ಒಂಬತ್ತೇ ವ್ಯಂಜನ ಕೊಡುತ್ತೇನೆ: ಕ, ತ, ಪ, ಮ, ನ, ಸ, ಲ, ವ, ಯ. ಸ್ವರ ನಾಲ್ಕು: ಅ, ಇ, ಉ, ಎ. ಗ, ದ, ಬ ಇಲ್ಲ. ಮಹಾಪ್ರಾಣ ಇಲ್ಲ. ಟ, ಡ, ಣ, ಳ ಇಲ್ಲ. ಒತ್ತಕ್ಷರವೂ ಇಲ್ಲ.

ಮುಂದಿನದು ಪದದ ಆಕಾರ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಹೊರಗಿನಿಂದ ಬಂದದ್ದು ನಮ್ಮ ಬಾಯಲ್ಲಿ ಬಸ್ಸು, ಕಾರು, ಪೆನ್ನು ಆಯಿತು. ನಮ್ಮ ದ್ವೀಪದ ಭಾಷೆಯಲ್ಲಿ ಪದ ಸ್ವರದಲ್ಲಿ ಮುಗಿಯಬಹುದು, ಅಥವಾ ನ್, ಸ್, ಲ್ ಈ ಮೂರರಲ್ಲಿ ಮಾತ್ರ. ಇಷ್ಟು ಕಟ್ಟುಪಾಡು ಹಾಕಿದ ಮೇಲೆ ಹುಟ್ಟುವ ಪದಗಳೆಲ್ಲ ಒಂದೇ ಮನೆಯವರ ಹಾಗೆ ಕೇಳಿಸುತ್ತವೆ: ಸುಲ್, ಪಿನ, ನಿಪು, ತಿಲು, ಲಮಿ.

ಕೆಟ್ಟವರ ಭಾಷೆ ಅಂದರೆ ಖ, ಘ, ಝ, ಕ್ರ, ಗ್ರ ತುಂಬಿ ಗಡುಸಾಗಿಸುವ ಚಾಳಿ ಬಹಳ ಇದೆ. ಅದನ್ನು ಬಿಟ್ಟುಬಿಡಿ. ಯಾವ ಜನರ ಮಾತೂ ಅವರ ಮಕ್ಕಳ ಕಿವಿಗೆ ಗಡುಸಲ್ಲ. ಶಬ್ದದಲ್ಲೇ ವಿಶೇಷ ತೋರಿಸಬೇಕಾದರೆ ಬೇರೆ ದಾರಿಗಳಿವೆ. 2015ರ ಬಾಹುಬಲಿ ಚಿತ್ರಕ್ಕೆ ಮದನ್ ಕಾರ್ಕಿ ಕಟ್ಟಿದ ಕಿಲಿಕಿ ಭಾಷೆಯಲ್ಲಿ ನಾಲಿಗೆಯಿಂದ ಹೊಮ್ಮುವ ಕ್ಲಿಕ್ ಶಬ್ದಗಳಿವೆ. ಒಂದೇ ಗುರುತು, ಆದರೆ ಕೇಳಿದವರು ಮರೆಯುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ನೀವು ಹುಟ್ಟಿಸಿದ ಪದ ಕನ್ನಡದಲ್ಲಿ ಬೈಗುಳವೋ ಬೇರೆ ಅರ್ಥವೋ ಆಗಿರಬಹುದು. ನಾನು ‘ಹಿಡಿ’ ಅನ್ನುವುದಕ್ಕೆ ‘ವಕಿ’ ಇಡೋಣ ಅಂತಿದ್ದೆ. ಮುಂದೆ ಬರುವ ಪ್ರತ್ಯಯ ಸೇರಿದರೆ ‘ವಕಿಲ್’ ಆಗುತ್ತದೆ, ಓದುವವರಿಗೆ ವಕೀಲರು ನೆನಪಾಗುತ್ತಾರೆ. ಹಾಗಾಗಿ ಅದು ‘ಲಕೆ’ ಆಯಿತು. ಪದಪಟ್ಟಿಯನ್ನು ಬೇರೆ ಬೇರೆ ಜಿಲ್ಲೆಯ ಒಬ್ಬಿಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಮೈಸೂರಿನಲ್ಲಿ ಸಾದಾ ಆಗಿರುವ ಪದ ಧಾರವಾಡದಲ್ಲಿ ಹಾಗಿರಬೇಕಿಲ್ಲ.

ವ್ಯಾಕರಣ: ನಿಜವಾದ ಕೆಲಸ ಇಲ್ಲಿದೆ

ಮುಖವಾಡ ಕಳಚುವುದು ಈ ಹಂತದಲ್ಲೇ. ಇಲ್ಲಿ ಆತುರ ಬೇಡ.

ಮೊದಲ ತೀರ್ಮಾನ ಪದಗಳ ಕ್ರಮ. ‘ಅಜ್ಜಿ ಮೀನು ಹಿಡಿದಳು’ ಅನ್ನುವಾಗ ಕರ್ತೃ, ಕರ್ಮ, ಕ್ರಿಯೆ ಅನ್ನುವ ಕ್ರಮ ಇದೆ. ಇಂಗ್ಲಿಷಿನಲ್ಲಿ ಕ್ರಿಯೆ ನಡುವೆ ಬರುತ್ತದೆ. ವೆಲ್ಷ್ ಮತ್ತು ಹಳೆಯ ಅರಬ್ಬಿ ಭಾಷೆಗಳಲ್ಲಿ ಕ್ರಿಯಾಪದವೇ ಮೊದಲು. ಮಾರ್ಕ್ ಓಕ್ರಾಂಡ್ ಸ್ಟಾರ್ ಟ್ರೆಕ್ ಚಿತ್ರಗಳಿಗಾಗಿ ಕ್ಲಿಂಗನ್ ಭಾಷೆ ಕಟ್ಟುವಾಗ ಕರ್ಮ ಮೊದಲು, ಕರ್ತೃ ಕೊನೆಗೆ ಇಟ್ಟರು. ಜಗತ್ತಿನ ಭಾಷೆಗಳಲ್ಲಿ ಈ ಕ್ರಮ ತುಂಬಾ ಅಪರೂಪ, ಬೇರೆ ಗ್ರಹದವರ ಮಾತಿಗೆ ಅದು ಹೊಂದಿತು. ನಮ್ಮ ದ್ವೀಪದವರು ಮನುಷ್ಯರೇ. ಅವರಿಗೆ ಕ್ರಿಯೆ ಮೊದಲು ಇಡೋಣ: ಹಿಡಿ–ಅಜ್ಜಿ–ಮೀನು. ‘ಲಕೆ ಲಮಿ ನಿಪು.’

ಈ ಒಂದು ತೀರ್ಮಾನದ ಹಿಂದೆ ಬೇರೆಯವು ಸಾಲಾಗಿ ಬರುತ್ತವೆ. 1963ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಎಂಬ ಭಾಷಾವಿಜ್ಞಾನಿ 30 ಭಾಷೆಗಳನ್ನು ಹೋಲಿಸಿ 45 ಸಾಮಾನ್ಯ ನಿಯಮಗಳನ್ನು ಪಟ್ಟಿ ಮಾಡಿದರು. ಅದರಲ್ಲೊಂದು: ಕ್ರಿಯಾಪದ ಮೊದಲು ಬರುವ ಭಾಷೆಗಳಲ್ಲಿ ‘ಒಳಗೆ’, ‘ಮೇಲೆ’ ಥರದ ಪದಗಳು ನಾಮಪದಕ್ಕಿಂತ ಮುಂಚೆ ಬರುತ್ತವೆ. ನಮ್ಮಲ್ಲಿ ‘ದೋಣಿಯಲ್ಲಿ’, ಅವರಲ್ಲಿ ‘ಇಮ ತಿಲು’, ಅಂದರೆ ‘ಅಲ್ಲಿ–ದೋಣಿ’. ಅಂಥ ಭಾಷೆಗಳಲ್ಲಿ ಒಡೆಯನ ಹೆಸರೂ ಹೆಚ್ಚಾಗಿ ವಸ್ತುವಿನ ನಂತರ ಬರುತ್ತದೆ. ಹಾಗಾಗಿ ‘ಅಜ್ಜಿಯ ದೋಣಿ’ ಅನ್ನುವುದು ‘ತಿಲು ಲಮಿ’ ಆಗುತ್ತದೆ. ‘ಮೀನು ಹಿಡಿದ ಅಜ್ಜಿ’ ಅನ್ನುವಾಗ ನಾವು ವಿವರಣೆಯನ್ನು ಮುಂದೆ ಇಡುತ್ತೇವೆ. ಅವರು ಹಿಂದೆ ಇಡುತ್ತಾರೆ, ನಡುವೆ ‘ಯ’ ಅನ್ನುವ ಕೊಂಡಿ ಹಾಕಿ: ‘ಲಮಿ ಯ ಲಕೆನ್ ನಿಪು.’ ಕ್ರಮ ಒಂದಕ್ಕೊಂದು ಹೊಂದಿದಾಗ ಭಾಷೆಗೆ ಬೆನ್ನೆಲುಬು ಬರುತ್ತದೆ. ನಿಯಮ ಮುರಿಯಲೇಬಾರದು ಅಂತಲ್ಲ, ಮುರಿಯುವಾಗ ಗೊತ್ತಿದ್ದು ಮುರಿಯಿರಿ.

ಎರಡನೆಯದು ನನಗೆ ಬಹಳ ಇಷ್ಟವಾದ ವಿಷಯ: ಈ ಭಾಷೆ ಮಾತಾಡುವವನಿಂದ ಏನನ್ನು ಕಡ್ಡಾಯವಾಗಿ ಹೇಳಿಸುತ್ತದೆ? ಕನ್ನಡದಲ್ಲಿ ಕಾಲ ಹೇಳದೆ ಕ್ರಿಯಾಪದ ಮುಗಿಸುವುದು ಕಷ್ಟ. ಬಂದವರು ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಅದನ್ನೂ ಹೇಳಬೇಕು. ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ಕಾಲದ ರೂಪವೇ ಇಲ್ಲ, ‘ನಿನ್ನೆ’, ‘ನಾಳೆ’ ಥರದ ಪದಗಳಿಂದ ಕೆಲಸ ನಡೆಯುತ್ತದೆ. ಇನ್ನು ಕೆಲವು ಭಾಷೆಗಳಲ್ಲಿ ಸುದ್ದಿ ನಿಮಗೆ ಹೇಗೆ ಗೊತ್ತಾಯಿತು ಅಂತ ಪ್ರತ್ಯಯದಿಂದಲೇ ಹೇಳಬೇಕು. ದಕ್ಷಿಣ ಅಮೆರಿಕದ ಕೆಚುವಾದಲ್ಲಿ, ತುರ್ಕಿಯಲ್ಲಿ ಇಂಥ ವ್ಯವಸ್ಥೆ ಇದೆ. ನಮಗೂ ಇದು ಹೊಸದಲ್ಲ. ‘ಬಂದಳು’ ಅಂದರೆ ಒಂದು, ‘ಬಂದಳಂತೆ’ ಅಂದರೆ ಇನ್ನೊಂದು. ವ್ಯತ್ಯಾಸ ಇಷ್ಟೇ, ‘ಅಂತೆ’ ಬಿಟ್ಟರೂ ನಮ್ಮ ವಾಕ್ಯ ತಪ್ಪಾಗುವುದಿಲ್ಲ.

ಮಡುಗಳಿಗಾಗಿ ವ್ಯಾಜ್ಯ ಮಾಡುವ ಜನಕ್ಕೆ ಸಾಕ್ಷಿಯೇ ಮುಖ್ಯ, ಅಲ್ವಾ? ಹಾಗಾಗಿ ಇದನ್ನು ಕಡ್ಡಾಯ ಮಾಡುತ್ತೇನೆ. ಪದದ ಕೊನೆಗೆ ಬರಬಹುದಾದ ಆ ಮೂರು ವ್ಯಂಜನಗಳನ್ನೇ ಬಳಸೋಣ.

‘ಲಕೆನ್ ಲಮಿ ನಿಪು’: ಅಜ್ಜಿ ಮೀನು ಹಿಡಿದಳು, ನಾನೇ ಕಂಡೆ.
‘ಲಕೆಸ್ ಲಮಿ ನಿಪು’: ಅಜ್ಜಿ ಮೀನು ಹಿಡಿದಳಂತೆ.
‘ಲಕೆಲ್ ಲಮಿ ನಿಪು’: ಅಜ್ಜಿ ಮೀನು ಹಿಡಿದಿರಬೇಕು, ಇದು ನನ್ನ ಊಹೆ.

ಏನೂ ಅಂಟಿಸದೆ ‘ಲಕೆ ಲಮಿ ನಿಪು’ ಅಂದರೆ ಪ್ರಶ್ನೆ. ಕೇಳುವವನಿಗೆ ಗೊತ್ತಿಲ್ಲ, ಹಾಗಾಗಿ ಅವನ ಕ್ರಿಯಾಪದಕ್ಕೆ ಸಾಕ್ಷಿಯ ಗುರುತೂ ಇಲ್ಲ. ಪ್ರಶ್ನೆಗೆ ಬೇರೆ ಪ್ರತ್ಯಯ ಹುಡುಕುವ ಕೆಲಸ ತಪ್ಪಿತು. ಇಲ್ಲ ಅನ್ನಲು ಕ್ರಿಯಾಪದದ ಮುಂದೆ ‘ವೆ’.

ಕಾಲವನ್ನು ಬಿಟ್ಟೇಬಿಡೋಣ. ಹೊಳೆಯ ಜನಕ್ಕೆ ಆಗಿಹೋದದ್ದು ಕೆಳಕ್ಕೆ ಹರಿದುಹೋಗಿದೆ, ಆಗಬೇಕಾದದ್ದು ಮೇಲಿನಿಂದ ಬರಬೇಕಿದೆ. ‘ನುಲೆ’ ಅಂದರೆ ಮೇಲ್ಹೊಳೆ, ನಾಳೆಯೂ ಅದೇ. ‘ಪಮು’ ಅಂದರೆ ಕೆಳಹೊಳೆ, ನಿನ್ನೆಯೂ ಅದೇ. ಎಡ ಬಲ ಅನ್ನುವ ಪದಗಳೂ ಇವರಿಗೆ ಬೇಡ. ಆಸ್ಟ್ರೇಲಿಯಾದ ಗೂಗು ಯಿಮಿಧಿರ್ ಜನ ಎಡ ಬಲ ಬಿಟ್ಟು ದಿಕ್ಕುಗಳಲ್ಲೇ ಮಾತಾಡುತ್ತಾರೆ. ನಮ್ಮ ಹಳ್ಳಿಗಳ ಹಿರಿಯರೂ ಮೂಡಲು, ಪಡುವಲು ಅಂತ ದಾರಿ ಹೇಳುವುದುಂಟು.

ಈಗ ಈ ಎರಡು ನಿಯಮಗಳನ್ನು ಕೂಡಿಸಿ ನೋಡಿ. ನಾಳೆಯದನ್ನು ಯಾರೂ ಕಂಡಿಲ್ಲ. ಹಾಗಾಗಿ ‘ನುಲೆ’ ಬಂದರೆ ಕ್ರಿಯಾಪದಕ್ಕೆ ಊಹೆಯ ‘ಲ್’ ಬರಬೇಕು: ‘ಲಕೆಲ್ ಲಮಿ ನಿಪು ನುಲೆ’, ಅಜ್ಜಿ ನಾಳೆ ಮೀನು ಹಿಡಿದಾಳು. ಒಂದು ದಿನ ಒಬ್ಬ ಪೂಜಾರಿ ನಾಳೆಯ ಬಗ್ಗೆ ಮಾತಾಡುತ್ತಾ ‘ನ್’ ಹಾಕುತ್ತಾನೆ. ನಾಳೆಯನ್ನು ಕಂಡಿದ್ದೇನೆ ಅನ್ನುತ್ತಿದ್ದಾನೆ! ಸಭೆ ಬೆಚ್ಚಿಬೀಳುತ್ತದೆ. ಒಂದು ಅಕ್ಷರದಿಂದ ಕಥೆಗೆ ತಿರುವು ಸಿಕ್ಕಿತು. ಸುಮ್ನೆ ಅಲಂಕಾರಕ್ಕೆ ಭಾಷೆ ಕಟ್ಟಿದ್ದರೆ ಇದು ಸಿಗುತ್ತಿರಲಿಲ್ಲ.

ಮೂರನೆಯದು ಸರ್ವನಾಮ. ತಮಿಳಿನಲ್ಲಿ ‘ನಾಮ್’ ಅಂದರೆ ನೀನೂ ಸೇರಿ ನಾವು, ‘ನಾಂಗಳ್’ ಅಂದರೆ ನಿನ್ನನ್ನು ಬಿಟ್ಟು ನಾವು. ತೆಲುಗಿನ ಮನಂ, ಮೇಮು ಕೂಡ ಹೀಗೆಯೇ. ಇವತ್ತಿನ ಕನ್ನಡಕ್ಕೆ ಒಂದೇ ‘ನಾವು’. ದ್ವೀಪದವರಿಗೆ ಎರಡು ಕೊಡೋಣ: ಒಳಗೊಳ್ಳುವ ‘ಮುಸೆ’, ಹೊರಗಿಡುವ ‘ಮುಲ’. ಹೊಸ ಅಳಿಯನನ್ನು ಮಾತಿನಲ್ಲಿ ಮೊದಲ ಸಲ ‘ಮುಸೆ’ಗೆ ಸೇರಿಸಿಕೊಳ್ಳುವ ದಿನ ಒಂದು ಅಧ್ಯಾಯಕ್ಕೆ ಸಾಕು.

ಗೌರವ ಸೂಚಿಸುವ ಬಗೆಯೂ ಯೋಚಿಸಿ. ನಮ್ಮಲ್ಲಿ ನೀನು, ನೀವು ಎರಡೇ ಅಂತ ಪುಸ್ತಕ ಹೇಳುತ್ತದೆ. ಮಂಡ್ಯದ ಬೀದಿಯಲ್ಲಿ ‘ಏನ್ಲಾ’, ‘ಏನಮ್ಮಿ’ಯಿಂದ ಹಿಡಿದು ಹಳಬರ ‘ಬುದ್ಧಿ’ವರೆಗೆ ಎಷ್ಟೋ ಮೆಟ್ಟಿಲುಗಳಿವೆ. ನಿಮ್ಮ ಲೋಕದಲ್ಲಿ ಆ ಮೆಟ್ಟಿಲು ಯಾವುದರ ಮೇಲೆ ನಿಂತಿದೆ? ವಯಸ್ಸೋ, ಹುಟ್ಟೋ, ಕೆಲಸವೋ? ನಮ್ಮ ದ್ವೀಪದಲ್ಲಿ ನೆಲದ ಮೇಲೆ ಹಿರಿಯರಿಗೆ ‘ತೆಸಲ್’ ಅನ್ನಬೇಕು. ದೋಣಿ ಹತ್ತಿದ ಮೇಲೆ ಎಲ್ಲರೂ ‘ತೆ’, ಊರಿನ ಯಜಮಾನನೂ ಸಹ. ನೀರಿನ ಮೇಲೆ ಎಚ್ಚರಿಸುವ ಮಾತು ಚಿಕ್ಕದಾಗಿರಬೇಕು.

ಇನ್ನೇನು ತೀರ್ಮಾನಿಸಬೇಕು ಅಂತ ತಿಳಿಯದಿದ್ದರೆ ಒಂದು ಸುಲಭದ ದಾರಿ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇದೆ. ದೇಶದ ಎಷ್ಟೋ ಸಣ್ಣ ಭಾಷೆಗಳ ವ್ಯಾಕರಣಗಳನ್ನು ಅದು ಪ್ರಕಟಿಸಿದೆ. ಅಂಥ ಒಂದು ಪುಸ್ತಕದ ಪರಿವಿಡಿಯನ್ನು ಇಟ್ಟುಕೊಂಡು ಪ್ರತಿ ಶೀರ್ಷಿಕೆಯ ಎದುರು ನಿಮ್ಮ ಭಾಷೆಯ ಉತ್ತರ ಬರೆಯಿರಿ. ನಿಮಗೆ ಹೊಳೆಯದ ಪ್ರಶ್ನೆಗಳೂ ಅಲ್ಲಿ ಸಿಗುತ್ತವೆ.

ಪದಗಳು: ಕಡಿಮೆ ಬೇರು, ಜಾಸ್ತಿ ಕೊಂಬೆ

ಒಂದು ಕಾದಂಬರಿಗೆ ಸುಮಾರು ನೂರು ಬೇರುಪದ ಸಾಕು. ಉಳಿದದ್ದನ್ನು ಅವುಗಳಿಂದಲೇ ಕಟ್ಟಿ. ಕನ್ನಡ ಮಾಡುವುದೂ ಅದನ್ನೇ: ಗಾಣ–ಗಾಣಿಗ, ಮಾಲೆ–ಮಾಲೆಗಾರ, ಹಿರಿ–ಹಿರಿತನ.

ನಮ್ಮ ಭಾಷೆಗೆ ಎರಡು ತುಣುಕು ಸಾಕು. ‘ಯು’ ಪದದ ಮುಂದೆ ಬಂದರೆ ಅದಕ್ಕೆ ಸೇರಿದ ಮನುಷ್ಯ, ‘ಕೆ’ ಬಂದರೆ ಜಾಗ. ‘ಸುಲ್’ ಅಂದರೆ ಹರಿಯುವ ನೀರು, ಹಾಗಾದರೆ ಈ ಜನ ‘ಯುಸುಲ್’. ಅವರ ಭಾಷೆಗೂ ಅದೇ ಹೆಸರು. ‘ಯುಲಕೆ’ ಅಂದರೆ ಬೇಟೆಗಾರ. ‘ಕೆನಿಪು’ ಮೀನು ಸಿಗುವ ಮಡು. ‘ಪಿನ’ ನಿಂತ ನೀರು, ‘ಕೆಪಿನ’ ದೋಣಿ ಕಟ್ಟಿಹಾಕುವ ತಾವು.

ಸಂಬಂಧದ ಪದಗಳಿಗೆ ಸಮಯ ಕೊಡಿ. ನಮ್ಮಲ್ಲಿ ತಾಯಿಯ ತಮ್ಮನೂ ಮಾವ, ಗಂಡನ ಅಥವಾ ಹೆಂಡತಿಯ ತಂದೆಯೂ ಮಾವ. ತಂದೆಯ ತಂಗಿಯೂ ಅತ್ತೆ, ಮದುವೆಯಿಂದ ಬಂದವಳೂ ಅತ್ತೆ. ಸೋದರಮಾವನ ಮನೆಯಲ್ಲಿ, ಸೋದರತ್ತೆಯ ಮನೆಯಲ್ಲಿ ಹೆಣ್ಣು ತರುವ ವಾಡಿಕೆಗೂ ಈ ಪದಗಳಿಗೂ ನಂಟಿದೆ. ನಿಮ್ಮ ಲೋಕದ ಮದುವೆ ಹೇಗೋ ಪದಗಳೂ ಹಾಗೇ ಇರಬೇಕು. ಯುಸುಲ್ ಜನರಲ್ಲಿ ಒಡಹುಟ್ಟಿದವರು ‘ಯುತಿಲು’, ಒಂದೇ ದೋಣಿಯವರು. ಗಂಡ ‘ಯುನುಲೆ’, ಮೇಲ್ಹೊಳೆಯಿಂದ ಬಂದವನು. ‘ನುಲೆ’ಗೆ ನಾಳೆ ಅನ್ನುವ ಅರ್ಥವೂ ಇರುವುದರಿಂದ ‘ನಾಳೆಯವನು’ ಅಂತಲೂ ಕೇಳಿಸುತ್ತದೆ. ಹುಡುಗಿಯರು ಹಾಡು ಕಟ್ಟಲು ಇನ್ನೇನು ಬೇಕು!

ಜುಳುಜುಳು, ಪಟಪಟ, ಧಗಧಗ ಥರದ ಅನುಕರಣ ಪದಗಳನ್ನು ಮರೆಯಬೇಡಿ. ಕನ್ನಡದಲ್ಲಿ ಇವು ಸದ್ದಿಗೆ ಮಾತ್ರ ಅಲ್ಲ, ಬೆಳಕಿಗೂ ಇವೆ (ಮಿಣಮಿಣ), ಉರಿಗೂ ಇವೆ (ಚುರುಚುರು). ಯುಸುಲ್‌ನಲ್ಲಿ ಮೊದಲ ಅಕ್ಷರ ಎರಡು ಸಲ ಬಂದರೆ ಅದು ಸಣ್ಣದಾಗುತ್ತದೆ: ‘ಸುಸುಲ್’, ಸಣ್ಣಗೆ ಜಿನುಗುವ ನೀರು. ‘ನಿನಿಪು’, ಮೀನಿನ ಮರಿ.

ಎಣಿಕೆಗೆ ಹತ್ತೇ ಬೇಕಿಲ್ಲ. ಅವತಾರ್ ಚಿತ್ರಕ್ಕಾಗಿ ಪಾಲ್ ಫ್ರಾಮರ್ ಕಟ್ಟಿದ ನಾವಿ ಭಾಷೆಯ ಎಣಿಕೆ ಎಂಟರ ಮೇಲೆ ನಿಂತಿದೆ, ಯಾಕೆಂದರೆ ನಾವಿಗಳಿಗೆ ಕೈಗೆ ನಾಲ್ಕೇ ಬೆರಳು. ಎದುರಾದಾಗ ಆಡುವ ಮಾತೂ ‘ನಮಸ್ಕಾರ’ದ ಅನುವಾದ ಆಗಬಾರದು. ನಾವು ‘ಊಟ ಆಯ್ತಾ?’ ಅನ್ನುತ್ತೇವೆ. ಅವರು ‘ಪಿನ ಸುಲ್?’ ಅನ್ನುತ್ತಾರೆ. ಹೊಳೆ ಶಾಂತವಾಗಿದೆಯಾ? ಉತ್ತರ ‘ಪಿನನ್’. ಶಾಂತವಾಗಿದೆ, ನೋಡಿಕೊಂಡೇ ಬಂದೆ. ಹೆಸರಾಗಿದ್ದ ‘ಪಿನ’ ಇಲ್ಲಿ ಕ್ರಿಯಾಪದವಾಯಿತು. ಸಾಕ್ಷಿಯ ಪ್ರತ್ಯಯ ಅಂಟಿದರೆ ಯಾವ ಪದವೂ ಕ್ರಿಯೆಯಾಗಬಹುದು ಅನ್ನುವ ನಿಯಮ ಇಟ್ಟರೆ ಆಯಿತು.

ಭಾಷೆಗೆ ವಯಸ್ಸು ಕೊಡಿ

ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆಯಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು. ತಮಿಳಿನಲ್ಲಿ ಪಕಾರ ಇವತ್ತಿಗೂ ಉಳಿದಿದೆ. ಮಂಡ್ಯದ ಹಳ್ಳಿಗಳಲ್ಲಿ ಕೇಳಿ, ಆ ಹಕಾರವೂ ಹೋಗಿ ಆಲು, ಉಲಿ, ಊವು ಆಗಿದೆ. ಪಾಲ್, ಹಾಲು, ಆಲು: ಮೂರು ಕಾಲಘಟ್ಟಗಳು ಒಂದೇ ಪದದಲ್ಲಿ. ಇದನ್ನು ಯಾರೂ ಒಂದೊಂದು ಪದಕ್ಕೆ ಬೇರೆ ಬೇರೆಯಾಗಿ ಮಾಡಲಿಲ್ಲ. ಶಬ್ದ ಬದಲಾಯಿತು, ಆ ಶಬ್ದ ಇರುವ ಪದಗಳು ಸಾಲಾಗಿ ಬದಲಾದವು.

ನೀವೂ ಹೀಗೇ ಮಾಡಿ. ಮೇಲಿನ ದ್ವೀಪಗಳ ಆಡುಮಾತಿಗೆ ಎರಡು ನಿಯಮ ಹಾಕೋಣ. ಎರಡು ಸ್ವರಗಳ ನಡುವಿನ ಪ ಅಲ್ಲಿ ವ ಆಗುತ್ತದೆ. ‘ತಿ’ ಎಲ್ಲಿದ್ದರೂ ‘ಸಿ’ ಆಗುತ್ತದೆ. ನಿಪು–ನಿವು, ತಿಲು–ಸಿಲು. ‘ಪಿನ’ದಲ್ಲಿ ಪ ಮೊದಲಿಗೇ ಇರುವುದರಿಂದ ಅದು ಹಾಗೇ ಉಳಿಯಿತು, ಆದರೆ ‘ಕೆಪಿನ’ ಮಾತ್ರ ‘ಕೆವಿನ’ ಆಯಿತು. ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಿಸಿಕೊಳ್ಳಿ: ಮಳೆ ಮತ್ತು ಕಾಲ ಸೇರಿ ಮಳೆಗಾಲ. ನಿಜವಾದ ಭಾಷೆಗಳ ಇಂಥ ಒರಟುತನ ನಿಮ್ಮ ಭಾಷೆಗೂ ತಾನಾಗಿ ಬಂತು. ಇನ್ನು ನಿಮ್ಮ ಪಾತ್ರವೊಂದು ‘ಸಿಲು’ ಅಂದರೆ ಸಾಕು, ಅವನು ಎಲ್ಲಿಯವನು ಅಂತ ಓದುಗರಿಗೆ ಗೊತ್ತಾಗುತ್ತದೆ.

ಊರಿನ ಹೆಸರುಗಳು

ಕಥೆಯಲ್ಲಿ ಓದುಗರ ಕಣ್ಣಿಗೆ ಅತಿ ಹೆಚ್ಚು ಬೀಳುವ ಪದಗಳು ಹೆಸರುಗಳೇ. ಮದ್ದೂರಿನ ಕಡೆ ಕಾಳಮುದ್ದನದೊಡ್ಡಿಯಂಥ ದೊಡ್ಡಿಗಳು, ಮೈಸೂರಿನ ಸುತ್ತ ಸಿದ್ದರಾಮನಹುಂಡಿಯಂಥ ಹುಂಡಿಗಳು, ಎರಡೂ ಕಡೆ ಕೊಪ್ಪಲುಗಳು. ಕೊನೆಯ ತುಣುಕು ನೋಡಿಯೇ ಯಾವ ಸೀಮೆ ಅಂತ ಅಂದಾಜು ಮಾಡಬಹುದು. ದನ ಕೂಡುವ ಜಾಗ ದೊಡ್ಡಿ, ಅದೇ ಊರಾಯಿತು. ಯುಸುಲ್ ನಾಡಿನಲ್ಲಿ ‘ಕೆ’ಯಿಂದ ಶುರುವಾಗುವ ಊರುಗಳು ಸಾಲಾಗಿ ಬರಲಿ. ನಕ್ಷೆಯಲ್ಲಿ ಕೆನಿಪು, ಕೆಪಿನಗಳ ಮಧ್ಯೆ ಒಂದೇ ಒಂದು ‘ಗೊಡ್ರ’ ಇಟ್ಟರೆ ಹೊರಗಿನವರು ಬಂದು ನೆಲೆಸಿದ್ದಾರೆ ಅಂತ ಹೇಳದೆಯೇ ತಿಳಿಯುತ್ತದೆ, ಯಾಕೆಂದರೆ ಯುಸುಲ್‌ನಲ್ಲಿ ಗ, ಡ, ರ ಇಲ್ಲವೇ ಇಲ್ಲ.

ಬರೆದಿಡಿ, ಪರೀಕ್ಷಿಸಿ

ಎಕ್ಸೆಲ್ ಹಾಳೆಯೋ ನೋಟ್‌ಬುಕ್ಕೋ, ಯಾವುದಾದರೂ ಸರಿ. ಪದ, ಅರ್ಥ, ಯಾವುದರಿಂದ ಬಂತು, ಕಥೆಯ ಯಾವ ಪುಟದಲ್ಲಿ ಬಳಸಿದೆ, ಇಷ್ಟು ದಾಖಲಿಸಿ. ಕೊನೆಯ ಅಂಕಣವನ್ನು ಬಿಡಬೇಡಿ. ಮುನ್ನೂರನೇ ಪುಟದಲ್ಲಿ ದೋಣಿಗೆ ಬೇರೆ ಪದ ಬಂದರೆ ಓದುಗರು ಕ್ಷಮಿಸುವುದಿಲ್ಲ.

ಆಮೇಲೆ ಕಷ್ಟದ ವಾಕ್ಯಗಳನ್ನು ಕೊಡಿ. ‘ನೀನು ಬರದಿದ್ದರೆ ದೋಣಿ ಕೊಡಲ್ಲ.’ ‘ನಿನ್ನೆ ಮಡುವಿನಲ್ಲಿ ಮೀನು ಹಿಡಿದವನು ಯಾರು?’ ‘ಅವಳು ನನಗಿಂತ ಚೆನ್ನಾಗಿ ಈಜುತ್ತಾಳೆ.’ ‘ಅವನಿಂದ ಅಳು ತಡೆಯಲು ಆಗಲಿಲ್ಲ.’ ಎಲ್ಲಿ ವ್ಯಾಕರಣ ಕೈಕೊಡುತ್ತದೋ ಅಲ್ಲಿ ಹೊಸ ನಿಯಮ ಬೇಕು. ಆಗ ಕನ್ನಡದ ‘ಇಂದ’, ‘ಗಿಂತ’ಗಳನ್ನು ಹಾಗೇ ಎತ್ತಿ ತರುವ ಆಸೆ ಬರುತ್ತದೆ. ತಡೆಯಿರಿ. ‘ಅವಳು ಈಜುತ್ತಾಳೆ, ನನ್ನನ್ನು ದಾಟುತ್ತಾಳೆ’ ಅಂತಲೂ ಹೋಲಿಕೆ ಹೇಳಬಹುದು.

ಲಿಪಿಯನ್ನು ಕೊನೆಗೆ ಇಟ್ಟುಕೊಳ್ಳಿ, ಬೇಡವೆಂದರೆ ಬಿಡಿ. ಮಾಡುವುದಾದರೆ ಯಾವುದರ ಮೇಲೆ ಬರೆಯುತ್ತಾರೆ ಅಂತ ಮೊದಲು ಕೇಳಿಕೊಳ್ಳಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳ ದೊಡ್ಡ ಸಂಗ್ರಹವೇ ಇದೆ. ಗರಿಯ ಮೇಲೆ ಕಂಠ ಅನ್ನುವ ಮೊನಚು ಕಡ್ಡಿಯಿಂದ ಕೊರೆಯುವ ಕೈಗೂ ಕಲ್ಲಿನ ಮೇಲೆ ಉಳಿಯಿಂದ ಕೆತ್ತುವ ಕೈಗೂ ಅಕ್ಷರದ ತಿರುವು ಒಂದೇ ಥರ ಬರುವುದಿಲ್ಲ.

ಕಥೆಯೊಳಗೆ ಎಷ್ಟು?

ಬಹಳ ಕಡಿಮೆ. ಒಂದು ಪುಟಕ್ಕೆ ಎರಡು ಮೂರು ಪದ ಬಂದರೆ ಸಾಕು, ಅವೂ ಅಡಿಟಿಪ್ಪಣಿ ಇಲ್ಲದೆ ಸನ್ನಿವೇಶದಲ್ಲೇ ತಿಳಿಯಬೇಕು. ಇಡೀ ವಾಕ್ಯವನ್ನು ಪ್ರತಿಜ್ಞೆ, ಬೈಗುಳ, ಜೋಗುಳ ಥರದ ಜಾಗಗಳಿಗೆ ಉಳಿಸಿಕೊಳ್ಳಿ. ಉಳಿದ ಮಾತೆಲ್ಲ ಕನ್ನಡದಲ್ಲೇ ಇರಲಿ, ಆದರೆ ಆ ಭಾಷೆಯ ನಡೆಯನ್ನು ಅದಕ್ಕೆ ಕೊಡಿ. ಯುಸುಲ್ ಮಾತಾಡುವ ಪಾತ್ರ ಕನ್ನಡದಲ್ಲಿ ಮಾತಾಡಿದರೂ ‘ಎಡಗಡೆ’ ಅನ್ನಬಾರದು, ‘ಹೊಳೆಯ ಮೇಲಕ್ಕೆ’ ಅನ್ನಬೇಕು. ಸುದ್ದಿ ಹೇಳುವಾಗಲೆಲ್ಲ ‘ಕಂಡೆ’, ‘ಅಂತೆ’, ‘ಇರಬೇಕು’ಗಳಲ್ಲಿ ಒಂದು ಬಂದೇ ಬರಬೇಕು. ಸಭೆಯ ದೃಶ್ಯ ಬರೆಯುವಾಗ ಒಬ್ಬನ ಮಾತಿನಿಂದ ಅದನ್ನು ಬೇಕೆಂದೇ ತೆಗೆಯಿರಿ, ಎದುರು ಕೂತ ಅಜ್ಜಿ ಕೂಡಲೇ ‘ನೀನು ಕಂಡೆಯೋ, ಕೇಳಿದೆಯೋ?’ ಅಂತ ಅವನನ್ನು ತಡೆಯಲಿ.